ತಟ್ಟಿ, ಚಪ್ಪರ, ಸೌತೆಕಾಯಿ: ಶೆಟ್ಟಿಕೊಪ್ಪದ ಒಳಾಂಗಣ ವಿನ್ಯಾಸೋತ್ಸವ ಕುರಿತು ಒಂದು ವಿಮರ್ಶಾತ್ಮಕ ಅಧ್ಯಯನ

ಪೀಠಿಕೆ

ಒಳಾಂಗಣ ವಿನ್ಯಾಸದ ಉತ್ಸವಗಳ ಚರಿತ್ರೆ ಬರೆಯುವ ವಿದ್ವಾಂಸರು 1961ರಲ್ಲಿ ಇಟಲಿಯ ಮಿಲಾನಿನಲ್ಲಿ ಶುರುವಾದ ಪೀಠೋಪಕರಣ ಮೇಳದಿಂದ ಹೊರಟು, 2003ರ ಲಂಡನ್ ಡಿಸೈನ್ ಫೆಸ್ಟಿವಲ್‌ನಲ್ಲಿ ಕಾಫಿಗೆ ನಿಂತು, 2018ರ ಬೆಂಗಳೂರು ಬೈ ಡಿಸೈನ್ ಉತ್ಸವದ ಹೊತ್ತಿಗೆ ಪೆನ್ನಿನ ಮುಚ್ಚಳ ಹಾಕುತ್ತಾರೆ. ಕೊಪ್ಪಕ್ಕೂ ನರಸಿಂಹರಾಜಪುರಕ್ಕೂ ನಡುವೆ ಇರುವ ಶೆಟ್ಟಿಕೊಪ್ಪ ಇವರ ಯಾವ ಪುಟದಲ್ಲೂ ಇಲ್ಲ. ಕಾರಣ ಸ್ಪಷ್ಟವಿದೆ. ವಿದ್ವಾಂಸರು ಏಪ್ರಿಲ್‌ನಲ್ಲಿ ಮಿಲಾನಿಗೆ, ಸೆಪ್ಟೆಂಬರಿನಲ್ಲಿ ಲಂಡನ್ನಿಗೆ ಹೋಗಿರುತ್ತಾರೆ. ಶೆಟ್ಟಿಕೊಪ್ಪ ಸೀಮೆಯ ಉತ್ಸವ ಬೀಳುವುದು ಮೇ ತಿಂಗಳ ಕೊನೆಗೆ ಒಮ್ಮೆ, ನವರಾತ್ರಿಯ ಆಸುಪಾಸಿಗೆ ಇನ್ನೊಮ್ಮೆ. ವೆನಿಸಿನವರು 1895ರಿಂದ ತಮ್ಮ ಕಲಾಮೇಳವನ್ನು ಎರಡು ವರ್ಷಕ್ಕೊಮ್ಮೆ ನಡೆಸಿ ಅದನ್ನೇ ದೊಡ್ಡ ಸಾಧನೆ ಎಂದುಕೊಂಡಿದ್ದಾರೆ. ಇಲ್ಲಿಯವರು ವರ್ಷಕ್ಕೆ ಎರಡು ಸಲ ನಡೆಸುತ್ತಾರೆ. ನಡೆಸುತ್ತಿದ್ದೇವೆಂಬ ಅರಿವು ಮಾತ್ರ ಅವರಿಗಿಲ್ಲ. ಅರಿವಿಲ್ಲದೆ ನಡೆಯುವುದೇ ನಿಜವಾದ ಸಂಪ್ರದಾಯ ಎಂಬುದು ಈ ಪ್ರಬಂಧದ ಮೊದಲ ಪ್ರತಿಪಾದನೆ. ಇದಕ್ಕೆ ಬೇಕಾದ ಅಡಿಟಿಪ್ಪಣಿಗಳನ್ನೆಲ್ಲ ಬರೆದು ಅಟ್ಟದ ಮೇಲೆ ಇಡಲಾಗಿತ್ತು. ಒರಲೆ ತಿಂದಿದೆ. ಓದುಗರು ನಂಬಿಕೆಯ ಮೇಲೆ ಮುಂದುವರಿಯಬೇಕು.

ವಿಷಯ ಶೃಂಗೇರಿ ಸೀಮೆಯದಾದ್ದರಿಂದ ವಾದದ ಕ್ರಮವೂ ಅಲ್ಲಿಯದೇ. ಮೊದಲು ಎದುರಾಳಿಯ ಮಾತನ್ನು ಪೂರ್ತಿ ಕೇಳಿ, ಊಟ ಹಾಕಿ, ಆಮೇಲೆ ಖಂಡಿಸುವುದು.

ಪೂರ್ವಪಕ್ಷ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದಲ್ಲಿ ರಾತ್ರಿ ಬಸ್ಸು ಹತ್ತಿದವರು ಹಾಸನದ ಮೇಲೆ ಬರಲಿ, ತುಮಕೂರಿನ ಮೇಲೆ ಬರಲಿ, ಬೆಳಗಿನ ಜಾವ ನೆಲಮಂಗಲ ದಾಟಲೇಬೇಕು. ಕಣ್ಣುಜ್ಜಿಕೊಂಡು ಕಿಟಕಿಯಾಚೆ ನೋಡಿದರೆ ಮೊದಲು ಸಿಗುವುದು ಮಾದಾವರದ ಅಂತಾರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರ. ಸ್ವಲ್ಪ ಮುಂದೆ, ನಾಗಸಂದ್ರದಲ್ಲಿ, 2022ರ ಜೂನ್‌ನಲ್ಲಿ ಬಾಗಿಲು ತೆರೆದ ಐಕಿಯಾ. ವಿಧಾನಸೌಧ, ಲಾಲ್‌ಬಾಗು ಎಲ್ಲ ಆಮೇಲೆ. ಮಲೆನಾಡಿನವನ ಕಣ್ಣಿಗೆ ಬೆಂಗಳೂರು ಮೊದಲು ಬೀಳುವುದೇ ಒಳಾಂಗಣವಾಗಿ. ನಗರಶಾಸ್ತ್ರಜ್ಞರು ಇದುವರೆಗೆ ಗಮನಿಸದ ಈ ಸಂಗತಿಯನ್ನು ನಾವು ಇಲ್ಲಿ ದಾಖಲಿಸುತ್ತಿದ್ದೇವೆ.

ಮಾದಾವರದ ಆ ಕೇಂದ್ರದಲ್ಲಿ ವರ್ಷಕ್ಕೊಮ್ಮೆ ನಡೆಯುವ ಒಳಾಂಗಣ ವಿನ್ಯಾಸದ ಮೇಳವೊಂದಕ್ಕೆ (ಹೆಸರು ಬೇಡ) ಪ್ರಸ್ತುತ ಲೇಖಕರು ಕ್ಷೇತ್ರಕಾರ್ಯಕ್ಕೆಂದು ಹೋದರು. ಜೊತೆಗೆ ಶೆಟ್ಟಿಕೊಪ್ಪ ಕಡೆಯ ಅಡಿಕೆ ಬೆಳೆಗಾರರೊಬ್ಬರು. ಶಾಸ್ತ್ರದ ಮರ್ಯಾದೆಗೆ ಅವರನ್ನು ಮುಂದೆಲ್ಲ ‘ಮಾಹಿತಿದಾರರು’ ಎನ್ನಲಾಗುವುದು. ಅವರಿಗೆ ವಿನ್ಯಾಸದ ಹಂಬಲವೇನೂ ಇರಲಿಲ್ಲ. ಮಗಳ ಫ್ಲಾಟಿಗೆ ಕರ್ಟನ್ ರಾಡು ಬೇಕಿತ್ತು.

ಮೇಳದ ಕರ್ಮಕಾಂಡ ಹೀಗಿದೆ. ಬಾಗಿಲಲ್ಲಿ ಮೊಬೈಲು ಹಿಡಿದು ಚೌಕದ ಗುರುತಿಗೆ ತೋರಿಸುವುದು. ಕೊರಳಿಗೆ ಪಟ್ಟಿ ಹಾಕಿಸಿಕೊಳ್ಳುವುದು. ಮೊದಲ ಮಳಿಗೆಯಲ್ಲಿ ಬಟ್ಟೆಚೀಲ ಪಡೆದು, ಉಳಿದ ಮಳಿಗೆಗಳಲ್ಲಿ ಕೊಡುವ ಚೀಲಗಳನ್ನು ಅದರೊಳಗೆ ತುಂಬುವುದು. ಎಲ್ಲ ಕಡೆ ಫೋನ್ ನಂಬರು ಕೇಳುತ್ತಾರೆ. ಕೊಟ್ಟವರಿಗೆ ಆ ವರ್ಷವಿಡೀ ಮಾಡ್ಯುಲರ್ ಕಿಚನ್ನಿನ ಕರೆ ಬರುತ್ತದೆ. ಮಾಹಿತಿದಾರರು ತಮ್ಮ ಷಡ್ಡಕನ ನಂಬರು ಕೊಟ್ಟರು.

ಮೇಳದ ದರ್ಶನಶಾಸ್ತ್ರ ಹೇಳುವುದಾದರೆ ಅದು ಅಧ್ಯಾಸ. ಹಗ್ಗದಲ್ಲಿ ಹಾವನ್ನು, ಕಪ್ಪೆಚಿಪ್ಪಿನಲ್ಲಿ ಬೆಳ್ಳಿಯನ್ನು ಕಾಣುವುದೇ ಅಧ್ಯಾಸವೆಂದು ವೇದಾಂತಿಗಳು ವಿವರಿಸಿ ಸಾವಿರ ವರ್ಷದ ಮೇಲಾಯಿತು. ಲ್ಯಾಮಿನೇಟ್ ಮಳಿಗೆಯಲ್ಲಿ ಒತ್ತಿದ ಮರದ ಹುಡಿಯಲ್ಲಿ ತೇಗ ಕಾಣುತ್ತದೆ. ವಿನೈಲಿನಲ್ಲಿ ಇಟಲಿಯ ಅಮೃತಶಿಲೆ ಕಾಣುತ್ತದೆ. ಸೆರಾಮಿಕ್ಕಿನಲ್ಲಿ ಸಿಮೆಂಟು ಕಾಣುತ್ತದೆ, ಅದಕ್ಕೆ ಎಲ್ಲಕ್ಕಿಂತ ಬೆಲೆ ಜಾಸ್ತಿ. ಒಂದು ವ್ಯತ್ಯಾಸವನ್ನು ಮಾತ್ರ ಒಪ್ಪಲೇಬೇಕು. ವೇದಾಂತಿಗಳ ಹಾವು ದೀಪ ತಂದ ಕೂಡಲೇ ಹಗ್ಗವಾಗುತ್ತದೆ. ಇಲ್ಲಿ ದೀಪ ಹೆಚ್ಚಿದಷ್ಟೂ ಹಾವು ಗಟ್ಟಿಯಾಗುತ್ತದೆ. ಅದಕ್ಕೆಂದೇ ಪ್ರತಿ ಮಳಿಗೆಯ ನೆತ್ತಿಗೆ ಸಾಲುಸಾಲು ಸ್ಪಾಟ್‌ಲೈಟು. ಮಾಹಿತಿದಾರರು ಮಾತ್ರ ಪ್ರತಿ ಹಲಗೆಯನ್ನೂ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು, “ಮರ ಅಲ್ಲ” ಎನ್ನುತ್ತ ಮುಂದೆ ಹೋದರು. ಇದು ಜ್ಞಾನಮಾರ್ಗ.

ಕೊನೆಯ ಸಾಲಿನಲ್ಲೊಂದು ಮಳಿಗೆ. ಅಲ್ಲಿ ಅಧ್ಯಾಸ ಇರಲಿಲ್ಲ. ನಿಜವಾದ ಮರದ ಕಂಬವೇ ಇತ್ತು. ಬೋದಿಗೆಯ ಮೇಲೆ ಒಂದು ಬಲ್ಬು ಕೂರಿಸಿ, ಕಾಲಬುಡಕ್ಕೆ ಬಿಳಿ ಉರುಟುಗಲ್ಲು ಸುರಿದು ನಿಲ್ಲಿಸಿದ್ದರು.

“ಮಲ್ನಾಡ್ ಹೆರಿಟೇಜ್ ಪಿಲ್ಲರ್ ಅಂಕಲ್. ಹಂಡ್ರೆಡ್ ಇಯರ್ಸ್ ಮೇಲಾಗಿದೆ” ಎಂದಳು ಮಳಿಗೆಯ ಹುಡುಗಿ.

“ಬುಡಕ್ಕೆ ಒರಲೆ ಹಿಡಿದಿದ್ಯಲ್ಲ ಅಮ್ಮ?”

“ಅದು ಪಟೀನಾ ಅಂಕಲ್.”

ಮಾಹಿತಿದಾರರು ಕೂತರು. ನೆಲದಿಂದ ಎರಡು ಮೊಳ ಎತ್ತರದಲ್ಲಿ ಕಂಬದ ಒಂದೇ ಮಗ್ಗುಲಿಗೆ ಬೆರಳು ಕೂರುವಷ್ಟು ಸವೆದ ಗೀರು. ಅಂಚೆಲ್ಲ ನುಣ್ಣಗೆ, ಎಣ್ಣೆ ಹಚ್ಚಿದ ಹಾಗೆ. ಅದರೊಳಗೆ ಹೆಬ್ಬೆರಳು ಇಟ್ಟು ಎಳೆದು ನೋಡಿದರು. ಮಜ್ಜಿಗೆ ಕಡೆಯುವ ಹಗ್ಗದ ಗುರುತು. ಕಡೆಗೋಲನ್ನು ಕಂಬಕ್ಕೆ ಬಿಗಿದ ಬಳ್ಳಿ, ಅತ್ತೆ ಸೊಸೆಯಂದಿರ ಮೂರು ನಾಲ್ಕು ತಲೆಮಾರು ಬೆಳಬೆಳಗ್ಗೆ ಎಳೆದು ಎಳೆದು, ಹಲಸಿನ ಮರವನ್ನು ಅಷ್ಟು ತಿಂದಿತ್ತು. ಹುಡುಗಿಯ ಕೈಯಲ್ಲಿದ್ದ ಹಾಳೆಯ ಪ್ರಕಾರ ಅದು ‘ಹ್ಯಾಂಡ್ ಡಿಸ್ಟ್ರೆಸ್ಡ್ ಫಿನಿಶ್’. ಕೆಲಸ ಕೈಯದೇ, ಸಂಕಟವೂ ಇತ್ತು. ಆದ್ದರಿಂದ ಆ ಹಾಳೆಯಲ್ಲಿ ಸುಳ್ಳೇನೂ ಇರಲಿಲ್ಲ.

ಬೆಲೆ ಕೇಳಿದ ಮೇಲೆ ಮಾಹಿತಿದಾರರು ಸುಮಾರು ಹೊತ್ತು ಮಾತಾಡಲಿಲ್ಲ. ಹೊರಗೆ ಬಂದು ಟೀ ಕುಡಿಯುವಾಗ ಹೇಳಿದರು: “ಹಳೇ ಮನೆ ಕೀಳಿಸುವಾಗ ಇಂಥವು ಹದಿನಾರು ಇದ್ವು ಮಾರಾಯ್ರೆ. ಜಾಗ ಖಾಲಿಯಾದ್ರೆ ಸಾಕು ಅಂತ ಲಾರಿ ಬಾಡಿಗೆ ನಾವೇ ಕೊಟ್ಟು ಕಳಿಸಿದ್ದು.”

ಪೂರ್ವಪಕ್ಷ ಇಲ್ಲಿಗೆ ಮುಗಿಯಿತು. ಕರ್ಟನ್ ರಾಡು ಚಿಕ್ಕಪೇಟೆಯಲ್ಲಿ ಸಿಕ್ಕಿತು.

ಸಿದ್ಧಾಂತ

ಶೆಟ್ಟಿಕೊಪ್ಪ ಉತ್ಸವದ ಪ್ರಾಯೋಜಕರು ಯಾರು ಎಂದು ಸಮಿತಿಗಳು ಕೇಳುವುದುಂಟು. ಉತ್ತರ: ಮಳೆ. ಪಶ್ಚಿಮಕ್ಕೆ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲೆ ಸುರಿಯುವ ಪ್ರಾಯೋಜಕ. ಶೆಟ್ಟಿಕೊಪ್ಪದ ತನಕ ಬರುವಷ್ಟರಲ್ಲಿ ಅವನ ಕೈ ಸ್ವಲ್ಪ ಹಿಡಿತಕ್ಕೆ ಬಂದಿರುತ್ತದೆ. ಆದರೂ ಎರಡು ದಿನ ಬಿಸಿಲು ನೋಡದ ಚಾಪೆಯ ಮೇಲೆ ಬೂಷ್ಟು ಬರಿಸುವುದಕ್ಕೇನೂ ಕಮ್ಮಿಯಿಲ್ಲ. ಮಿಲಾನಿನಲ್ಲಿ ಪ್ರಾಯೋಜಕ ಕೈಕೊಟ್ಟರೆ ಮೇಳ ನಿಲ್ಲುತ್ತದೆ. ಇಲ್ಲಿ ಅವನು ಕೈಕೊಟ್ಟ ವರ್ಷ ಊರೇ ನಿಲ್ಲುತ್ತದೆ.

ಮೊದಲ ಅಧಿವೇಶನ ಮೇ ಕೊನೆಯಲ್ಲಿ. ಜಗುಲಿಯ ತೆರೆದ ಬದಿಗೆ, ಗಾಳಿ ಹೊಡೆಯುವ ದಿಕ್ಕಿನ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಾರೆ. ಅಡಿಕೆ ಮರ ಸೀಳಿದ ದಬ್ಬೆಯ ಚೌಕಟ್ಟು, ಅದಕ್ಕೆ ತಲೆಕೆಳಗಾಗಿ ಸಾಲಿಟ್ಟ ಒಣ ಸೋಗೆ. ಎರಚಲು ಒಳಗೆ ಬರಬಾರದು, ಅಷ್ಟೇ ಉದ್ದೇಶ. ಆದರೆ ಪರಿಣಾಮವನ್ನು ಪರಿಭಾಷೆಯಲ್ಲಿ ಹೇಳಿದರೆ, ಮನೆಯ ಬೆಳಕಿನ ಸಂಯೋಜನೆ ಒಂದೇ ಮಧ್ಯಾಹ್ನದಲ್ಲಿ ಪೂರ್ತಿ ಬದಲಾಗುತ್ತದೆ. ನಿನ್ನೆ ಅಂಗಳ ಕಾಣುತ್ತಿದ್ದ ಜಗುಲಿ ಇವತ್ತು ಕಂದುಗತ್ತಲೆಯ ಕೋಣೆ. ಸೂರ್ಯನಿಗೆ ಉಳಿಯುವುದು ಮಾಡಿನ ನಡುವೆ ಕೂರಿಸಿದ ಒಂದೋ ಎರಡೋ ಗಾಜಿನ ಹಂಚು ಮಾತ್ರ. ಅದರ ಕೆಳಗೆ ಅಡಿಗೆಮನೆಯ ಹೊಗೆಯನ್ನು ಕೊರೆದುಕೊಂಡು ಇಳಿಯುವ ಬೆಳಕಿನ ಕೋಲಿನಲ್ಲಿ ಅಜ್ಜಿ ಅಕ್ಕಿ ಆರಿಸುತ್ತಾಳೆ. ಕೋಲು ಸರಿದಂತೆ ಅವಳೂ ಮೊರ ಸಮೇತ ಸರಿಯುತ್ತಾಳೆ. ಇದೇ ಕಲ್ಪನೆಯ ದೊಡ್ಡ ಆವೃತ್ತಿ ಶೃಂಗೇರಿಯ ವಿದ್ಯಾಶಂಕರ ದೇಗುಲದಲ್ಲಿದೆ. 14ನೆಯ ಶತಮಾನದ ಆ ಗುಡಿಯ ಹನ್ನೆರಡು ರಾಶಿಕಂಬಗಳಲ್ಲಿ ಆಯಾ ತಿಂಗಳ ಕಂಬದ ಮೇಲೆ ಆಯಾ ತಿಂಗಳ ಎಳೆಬಿಸಿಲು ಬೀಳುತ್ತದೆಂದು ಪ್ರತೀತಿ. ಅಜ್ಜಿಯ ಮಾದರಿ ಮೊದಲೋ ಗುಡಿಯ ಮಾದರಿ ಮೊದಲೋ ಎಂಬುದು ಜಟಿಲವಾದ ಪ್ರಶ್ನೆ. ಗಾಜಿನ ಹಂಚು ಬಂದದ್ದು ಮಂಗಳೂರು ಹಂಚಿನ ಬೆನ್ನಿಗೆ, ಮಂಗಳೂರು ಹಂಚು ಬಂದದ್ದು ಬಾಸೆಲ್ ಮಿಷನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದ ಮೇಲೆ. ಆದ್ದರಿಂದ ಗುಡಿಯೇ ಮೊದಲೆಂದು ಒಪ್ಪಿ ಜಗಳ ಮುಗಿಸಬಹುದು.

ಈ ಅಧಿವೇಶನದ ಮುಖ್ಯ ಕಲಾಕೃತಿಗೆ ಈಗ ಬರೋಣ. ಮೇಳದಲ್ಲಿ ‘ಪೆಂಡೆಂಟ್ ಕ್ಲಸ್ಟರ್’ ಎಂಬ ಹೆಸರಿನಲ್ಲಿ ಮೊಟ್ಟೆಯಾಕಾರದ ಗಾಜುಗಳನ್ನು ಏರುತಗ್ಗಾಗಿ ಇಳಿಬಿಟ್ಟು, ಅದರ ಕೆಳಗೆ ಜನರನ್ನು ನಿಲ್ಲಿಸಿ ಫೋಟೋ ತೆಗೆಸುತ್ತಿದ್ದರು. ಮಾಹಿತಿದಾರರು ಕತ್ತೆತ್ತಿ ನೋಡಿ, “ಸೌತೆಕಾಯಿ ಕಟ್ಟಿದ ಹಾಗಿದೆ” ಎಂದರು. ವಿದ್ವತ್ ಲೋಕಕ್ಕೆ ಇದಕ್ಕಿಂತ ದೊಡ್ಡ ಒಳನೋಟವನ್ನು ಯಾರೂ ಕೊಟ್ಟಿಲ್ಲ.

ಬಣ್ಣದ ಸೌತೆ ಬೇಸಿಗೆಯ ಕೊನೆಗೆ ಕೊಯ್ಲಿಗೆ ಬರುತ್ತದೆ. ಹಳದಿ ಮೈ, ಉದ್ದಕ್ಕೆ ಹಸಿರು ಪಟ್ಟೆ. ಮಳೆಗಾಲದಲ್ಲಿ ತರಕಾರಿಗೆ ಪೇಟೆಗೆ ಹೋಗುವಂತಿಲ್ಲ. ಹೋದರೂ ದಾರಿಗೆ ಮರ ಬಿದ್ದಿರುತ್ತದೆ. ಹಾಗಾಗಿ ಒಣಗಿದ ಬಾಳೆಪಟ್ಟೆಯನ್ನು ನೀರಿಗೆ ಹಾಕಿ ಮೆದು ಮಾಡಿ, ಸೀಳಿ, ಎರಡು ಎಳೆಯನ್ನು ಕಾಯಿಯ ಬುಡಕ್ಕೆ ಅಡ್ಡಡ್ಡ ಕೊಟ್ಟು, ನೆತ್ತಿಯ ಮೇಲೆ ಗಂಟು ಹಾಕಿ, ಜಂತಿಗೆ ಇಳಿಬಿಡುತ್ತಾರೆ. ಗಂಟು ಬಿಗಿಯಾದರೆ ಸಿಪ್ಪೆ ಗಾಯವಾಗುತ್ತದೆ, ಸಡಿಲಾದರೆ ರಾತ್ರಿ ಹೊತ್ತು ಧೊಪ್ಪೆಂದು ಬೀಳುತ್ತದೆ. ಒಂದಕ್ಕೊಂದು ತಾಗಬಾರದು, ತಾಗಿದ ಕಡೆ ಕೊಳೆ ಶುರುವಾಗಿ ಜೋಡಿಯೇ ಹೋಗುತ್ತದೆ. ಆದ್ದರಿಂದ ಕಾಯಿಗೂ ಕಾಯಿಗೂ ನಡುವೆ ಒಂದು ಗೇಣು, ಒಂದು ಮೇಲೆ ಒಂದು ಕೆಳಗೆ. ‘ನೆಗೆಟಿವ್ ಸ್ಪೇಸ್’ ಎಂದು ಮೇಳದ ವಿಚಾರಗೋಷ್ಠಿಯಲ್ಲಿ ಒಂದೂವರೆ ಗಂಟೆ ಮಾತಾಡಿದ್ದು ಈ ಗೇಣಿನ ಬಗ್ಗೆಯೇ ಇರಬೇಕು. ಕಲಾಕೃತಿ ಸ್ಥಿರವೂ ಅಲ್ಲ. ದಿನ ಬಿಟ್ಟು ದಿನ ಒಂದು ಕಾಯಿ ಹುಳಿಗೆ ಹೋಗುತ್ತದೆ, ಬೀಜವನ್ನು ಬೂದಿಯಲ್ಲಿ ಹೊರಳಿಸಿ ಮುಂದಿನ ವರ್ಷಕ್ಕೆ ಇಡುತ್ತಾರೆ, ಜಂತಿಯಲ್ಲಿ ಬರಿಯ ಬಾಳೆಪಟ್ಟೆಯ ಕುಣಿಕೆ ಉಳಿಯುತ್ತದೆ. ಆಷಾಢ ಶ್ರಾವಣ ಕಳೆದಂತೆ ಕುಣಿಕೆ ಹೆಚ್ಚಿ ಕಾಯಿ ಕಮ್ಮಿಯಾಗುವುದನ್ನು ನೋಡಿಯೇ ಮಳೆ ಎಷ್ಟು ಉಳಿದಿದೆ ಎಂದು ಹೇಳುವವರಿದ್ದಾರೆ. ಪ್ರೇಕ್ಷಕರು ಕಲಾಕೃತಿಯನ್ನೇ ತಿಂದು ಮುಗಿಸುವ ಇನ್‌ಸ್ಟಲೇಷನ್ ವೆನಿಸಿನಲ್ಲೂ ಅಪರೂಪ.

ಬಚ್ಚಲೊಲೆಯ ಮೇಲಿನ ಗಳದಲ್ಲಿ ಒಣಗುವ ಒದ್ದೆ ಬಟ್ಟೆ, ಒಲೆಗೂಡಿನ ಮೇಲೆ ಹೊಗೆ ಕುಡಿಯುವ ಸೌದೆ, ಬಾಗಿಲ ಹಿಂದೆ ನೇತಾಡುವ ಕಂಬಳಿಕೊಪ್ಪೆ, ಇವೆಲ್ಲ ಉಪಪ್ರದರ್ಶನಗಳು. ನರಸಿಂಹರಾಜಪುರದ ಕಡೆ ಕೇರಳದಿಂದ ಬಂದು ನೆಲೆಸಿದವರ ಮನೆಗಳಲ್ಲಿ ಇದರ ಜೊತೆಗೆ ರಬ್ಬರ್ ಶೀಟಿನ ಪರದೆಗಳೂ ಉಂಟು. ವಾಸನೆಯ ವಿಮರ್ಶೆ ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.

ಎರಡನೆಯ ಅಧಿವೇಶನ ಮಳೆ ಬಿಟ್ಟ ಮೇಲೆ, ಅಡಿಕೆ ಕೊನೆ ಹಣ್ಣಿಗೆ ತಿರುಗುವ ಮುಂಚೆ. ತಟ್ಟಿ ಬಿಚ್ಚುತ್ತಾರೆ, ಅದು ಬಚ್ಚಲೊಲೆಗೆ ಹೋಗುತ್ತದೆ. ಪಾಚಿಗಟ್ಟಿದ ಅಂಗಳ ಕೆತ್ತಿ, ನೀರು ಹಾಕಿ ಬಡಿದು, ಹಾಳೆತುಂಡಿನಿಂದ ಸಗಣಿ ಬಳಿಯುತ್ತಾರೆ. ಹಿಂದೆ ಹಳೆಯ ಟಾರ್ಚಿನ ಸೆಲ್ಲು ಒಡೆದು ಅದರ ಕರಿಪುಡಿಯನ್ನು ಸಗಣಿಗೆ ಕಲಸುತ್ತಿದ್ದರು, ನೆಲ ಕನ್ನಡಿ ಹಾಗೆ ಹೊಳೆಯುತ್ತಿತ್ತು. ಆಮೇಲೆ ಕಂಬ ನೆಟ್ಟು, ದಬ್ಬೆ ಹಾಸಿ, ಅಂಗಳದ ಮೇಲೆ ಚಪ್ಪರ ಏರುತ್ತದೆ. ಮೇಲೆ ಬೇಯಿಸಿದ ಅಡಿಕೆ ಒಣಗುತ್ತದೆ, ಕೆಳಗೆ ಮೆಟ್ಟುಗತ್ತಿ ಇಟ್ಟುಕೊಂಡು ಸುಲಿಯುವವರು ಸಾಲಾಗಿ ಕೂರುತ್ತಾರೆ. ಮುಂಗಾರಿನಲ್ಲಿ ಹೊರಗನ್ನು ಮುಚ್ಚಿ ಒಳಗು ಮಾಡಿದ ಮನೆ, ಈಗ ಅಂಗಳವನ್ನೇ ಒಳಗು ಮಾಡಿಕೊಳ್ಳುತ್ತದೆ. ಇಷ್ಟನ್ನು ಮಾಡುವ ತಂಡಕ್ಕೆ ಕ್ಯುರೇಟರ್ ಇಲ್ಲ, ಮುಯ್ಯಾಳು ಪದ್ಧತಿ. ಇವತ್ತು ನಮ್ಮ ಚಪ್ಪರಕ್ಕೆ ನೀವು, ನಾಳೆ ನಿಮ್ಮ ಚಪ್ಪರಕ್ಕೆ ನಾವು.

ವರ್ಣವಿಚಾರ

ಅಮೆರಿಕದ ಪ್ಯಾಂಟೋನ್ ಸಂಸ್ಥೆ ಪ್ರತಿವರ್ಷ ಜಗತ್ತಿಗೆ ಒಂದು ಬಣ್ಣ ಘೋಷಿಸುತ್ತದೆ. 2025ಕ್ಕೆ ಅದು ಆರಿಸಿದ್ದು ‘ಮೋಕಾ ಮೂಸ್’, ಅಂದರೆ ಹಾಲು ಜಾಸ್ತಿಯಾದ ಕಾಫಿ. ಚಿಕ್ಕಮಗಳೂರು ಜಿಲ್ಲೆಗೆ ಈ ಸುದ್ದಿ ತಲುಪಿದಾಗ ಯಾವ ಸಂಭ್ರಮವೂ ಕಾಣಲಿಲ್ಲ. ಒಲೆಯ ಹಿಂದಿನ ಗೋಡೆ ಎಷ್ಟೋ ಕಾಲದಿಂದ ಅದೇ ಬಣ್ಣದಲ್ಲಿದೆ.

ಕಂದು ಬಣ್ಣದ ನಿಜವಾದ ಶಾಸ್ತ್ರ ಇರುವುದು ಅಡಿಕೆ ಮಂಡಿಯಲ್ಲಿ. ಸರಕು, ಬೆಟ್ಟೆ, ಇಡಿ, ಗೊರಬಲು ಎಂದು ವಿಂಗಡಿಸಿ, ಒಂದೊಂದರಲ್ಲೂ ಚೊಗರಿನ ಬಣ್ಣ ಹೇಗೆ ಕೂತಿದೆ ಎಂದು ಅಂಗೈಯಲ್ಲಿ ಹೊರಳಿಸಿ ಹೇಳುವ ಕಣ್ಣುಗಳು ಅಲ್ಲಿವೆ. ಒಂದು ಛಾಯೆ ತಪ್ಪಿದರೆ ಕ್ವಿಂಟಲ್ಲಿಗೆ ಸಾವಿರಗಟ್ಟಲೆ ಹೋಗುತ್ತದೆ. ಮಿಲಾನಿನಲ್ಲಿ ಛಾಯೆ ತಪ್ಪಿದರೆ ‘ಪ್ರಯೋಗ’ ಎನ್ನುತ್ತಾರೆ.

ಈ ಸೀಮೆಯಲ್ಲಿ ಭಯ ಹುಟ್ಟಿಸುವ ಬಣ್ಣ ಒಂದೇ, ಹಳದಿ. ಹಳದಿ ಎಲೆ ರೋಗ ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ತೋಟಗಳನ್ನು ದಶಕಗಳಿಂದ ತಿನ್ನುತ್ತಿದೆ. ಈಚೆಗೆ ಎಲೆಚುಕ್ಕಿಯೂ ಸೇರಿಕೊಂಡಿದೆ. ಮರ ಹೋದಲ್ಲಿ ಸೋಗೆ ಇಲ್ಲ, ದಬ್ಬೆ ಇಲ್ಲ. ಮುಯ್ಯಾಳಿಗೆ ಬರಬೇಕಾದವರು ಬೆಂಗಳೂರಿನಲ್ಲಿದ್ದಾರೆ. ಹಾಗಾಗಿ ಈಗಿನ ತಟ್ಟಿ ಅಂದರೆ ನೀಲಿ ಸಿಲ್ಪಾಲಿನ್, ಚಪ್ಪರ ಅಂದರೆ ಕಬ್ಬಿಣದ ಪೈಪಿನ ಮೇಲೆ ಪಾಲಿಥೀನ್ ಹಾಳೆ. ಜಗುಲಿಯಲ್ಲಿ ಕೂತವರ ಮುಖವೆಲ್ಲ ಮಳೆಗಾಲವಿಡೀ ನೀಲಿ. ಪ್ಯಾಂಟೋನ್‌ನವರು ಇದನ್ನು ಇನ್ನೂ ನೋಡಿಲ್ಲ.

ವಿನಿಮಯ ಪ್ರಕರಣ

ಒಂದು ಕಡೆಯಿಂದ ಕಂಬ ಹೋಗುತ್ತದೆಂದರೆ ಇನ್ನೊಂದು ಕಡೆಯಿಂದ ಏನೋ ಬರಲೇಬೇಕು. ಶೆಟ್ಟಿಕೊಪ್ಪಕ್ಕೆ ಬಂದದ್ದು ಫಾಲ್ಸ್ ಸೀಲಿಂಗ್. ಹೊಸ ಮನೆಗಳ ಹಾಲಿನಲ್ಲಿ ಜಿಪ್ಸಮ್ಮಿನ ಹೂಬಳ್ಳಿ, ಅದರ ಅಂಚಿಗೆ ಬಣ್ಣ ಬದಲಿಸುವ ದೀಪ. ಮೊದಲ ಮಳೆಗಾಲಕ್ಕೆ ಮೂಲೆಯಲ್ಲಿ ಹಸಿರು ಬೂಷ್ಟು, ಎರಡನೆಯದಕ್ಕೆ ಮೇಲೆ ಇಲಿಯ ಸಂಸಾರ, ಮೂರನೆಯದಕ್ಕೆ ಕಬ್ಬೆಕ್ಕಿನ ಬಾಣಂತನ. ನೆಲಕ್ಕೆ ಹಾಕಿದ ವಿಟ್ರಿಫೈಡ್ ಟೈಲು ಜುಲೈಯಲ್ಲಿ ಬೆವರುತ್ತದೆ; ಬಂದ ನೆಂಟರಿಗೆ “ಜಾರ್ತದೆ, ನಿಧಾನ” ಎಂದು ಹೇಳುವುದೇ ಈಗಿನ ಸ್ವಾಗತ. ಜಂತಿ ಇಲ್ಲದ್ದರಿಂದ ಸೌತೆಕಾಯಿ ಕಟ್ಟುವಂತಿಲ್ಲ. ಗೃಹಿಣಿಯೊಬ್ಬರು ಅದನ್ನು ಫ್ಯಾನಿನ ಕೊಕ್ಕೆಗೆ ಕಟ್ಟಲು ಹೋಗಿ ಗಂಡನಿಂದ ಬೈಸಿಕೊಂಡದ್ದು ನಮ್ಮ ಕ್ಷೇತ್ರ ಟಿಪ್ಪಣಿಯಲ್ಲಿದೆ. ಅವರ ಪಕ್ಷವೇ ಸರಿ ಎಂದು ಈ ಪ್ರಬಂಧ ತೀರ್ಪು ಕೊಡುತ್ತದೆ.

ಹೀಗೆ ಊರು ತನ್ನ ಮನೆಯನ್ನು ನಗರಕ್ಕೆ ಮಾರಿ, ನಗರದ ಮನೆಯನ್ನು ಕೊಂಡುಕೊಂಡಿದೆ. ಎರಡೂ ಕಡೆ ವ್ಯಾಪಾರ ಮಾಡಿದವನು ಒಬ್ಬನೇ. ಉಳಿಸಲು ಯತ್ನಿಸಿದವರು ಇಲ್ಲವೆಂದಲ್ಲ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕೆಡವಲು ಹೊರಟ ಮನೆಗಳನ್ನು ಬಿಚ್ಚಿಸಿ ತಂದು, ಹಸ್ತಶಿಲ್ಪ ಪರಂಪರಾ ಗ್ರಾಮದಲ್ಲಿ ತುಂಡು ತುಂಡಾಗಿ ಮತ್ತೆ ಜೋಡಿಸಿ ನಿಲ್ಲಿಸಿದರು. ಪಕ್ಕದ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಕುವೆಂಪು ಅವರ ಮನೆ ವಸ್ತುಸಂಗ್ರಹಾಲಯವಾಗಿದೆ. ಅಲ್ಲಿನ ಒಳಅಂಗಳದ ಸುತ್ತಲಿನ ಕಂಬಗಳನ್ನು ಮುಟ್ಟಿ ನೋಡಿ, “ಅಬ್ಬಾ, ಎಂಥ ಮರ!” ಎನ್ನುವವರಲ್ಲಿ ತಮ್ಮ ಕಂಬಗಳಿಗೆ ಲಾರಿ ಬಾಡಿಗೆ ಕೊಟ್ಟವರೂ ಇರುತ್ತಾರೆ. ಮಾಹಿತಿದಾರರನ್ನು ಅಲ್ಲಿಗೆ ಕರೆದಾಗ ಅವರು ಬರಲೊಪ್ಪಲಿಲ್ಲ. ತೋಟಕ್ಕೆ ಔಷಧಿ ಹೊಡೆಸುವುದಿತ್ತಂತೆ.

ಕೊನೆಯದಾಗಿ ಸಂಘಟಕರ ಪರವಾಗಿ, ಸಂಘಟಕರು ಇಲ್ಲದಿರುವುದರಿಂದ ನಾವೇ, ಓದುಗರಲ್ಲಿ ಒಂದು ವಿನಂತಿ. ಹಳೆಯ ಮನೆ ಕೀಳಿಸುವ ಯೋಚನೆಯಿದ್ದವರು ಲಾರಿಯವನಿಗೆ ಫೋನು ಮಾಡುವ ಮೊದಲು ಮಾದಾವರಕ್ಕೆ ಒಮ್ಮೆ ಹೋಗಿ, ನಿಮ್ಮ ಮಜ್ಜಿಗೆ ಕಂಬದ ಈಗಿನ ಬೆಲೆ ಕೇಳಿಕೊಂಡು ಬನ್ನಿ. 2024ರ ನವೆಂಬರಿನಿಂದ ಮೆಟ್ರೊ ಅಲ್ಲಿಯ ತನಕ ಹೋಗುತ್ತದೆ. ಉತ್ಸವವನ್ನೇ ನೋಡಬೇಕೆನ್ನುವವರು ನವರಾತ್ರಿ ಕಳೆದ ಮೇಲೆ, ಮಳೆ ಬಿಟ್ಟಿದ್ದರೆ, ಶೆಟ್ಟಿಕೊಪ್ಪದ ಕಡೆ ಬನ್ನಿ. ಪಾಸು ಇಲ್ಲ, ಕೊರಳಪಟ್ಟಿ ಇಲ್ಲ, ಫೋನ್ ನಂಬರು ಕೇಳುವುದಿಲ್ಲ. ಬರುವಾಗ ಕತ್ತಿ ತನ್ನಿ, ಆಳು ಸಿಗುತ್ತಿಲ್ಲ. ಮಧ್ಯಾಹ್ನಕ್ಕೆ ಊಟವಿದೆ.